ಸಾಂದ್ರತೆ: ಹೊನ್ನು, ನೆಲ್ಲು, ಹಗೇವು

ಕಬ್ಬಿಣವು ಹತ್ತಿಗಿಂತ ಭಾರವೆಂಬುದು ಲೋಕರೂಢಿಯ ಮಾತು. ಆದರೆ ಒಂದು ಮಣ ಹತ್ತಿಯೂ ಒಂದು ಮಣ ಕಬ್ಬಿಣವೂ ತೂಕದಲ್ಲಿ ಸಮವೇ. ಭೇದವಿರುವುದು ಅವು ಹಿಡಿಯುವ ಸ್ಥಳದಲ್ಲಿ. ಸಮಾನ ಗಾತ್ರದೊಳಗೆ ಅಡಕವಾಗಿರುವ ದ್ರವ್ಯದ ಪ್ರಮಾಣವೇ ಸಾಂದ್ರತೆ. ಒಂದು ಘನ ಸೆಂಟಿಮೀಟರ್ ನೀರು ಸುಮಾರು ಒಂದು ಗ್ರಾಂ ತೂಗುವುದರಿಂದ ನೀರಿನ ಸಾಂದ್ರತೆಯನ್ನು 1 ಎಂದು ಎಣಿಸುತ್ತಾರೆ. ರಾಯಚೂರು ಜಿಲ್ಲೆಯ ಲಿಂಗಸುಗೂರು, ಸಿಂಧನೂರು, ಮಸ್ಕಿಗಳ ಸೀಮೆಯಲ್ಲಿ ಈ ತತ್ತ್ವವು ಘನ, ದ್ರವ, ಅನಿಲಗಳೆಂಬ ಮೂರು ಅವಸ್ಥೆಗಳಲ್ಲಿಯೂ ಕಣ್ಣಿಗೆ ಬೀಳುತ್ತದೆ.

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯಿದೆ. ಮಸ್ಕಿಯ ಅಶೋಕಶಾಸನವನ್ನು 1915ರಲ್ಲಿ ಬೆಳಕಿಗೆ ತಂದ ಬೀಡನ್ ಕೂಡ ಚಿನ್ನದ ಗಣಿಗಳ ಎಂಜಿನಿಯರನೇ. ಚಿನ್ನದ ಸಾಂದ್ರತೆ 19.3, ಅದನ್ನು ಒಡಲಲ್ಲಿಟ್ಟುಕೊಂಡ ಬೆಣಚುಕಲ್ಲಿನದು 2.65. ಎಂದರೆ ಚಿನ್ನವು ಏಳು ಪಟ್ಟಿಗೂ ಮಿಗಿಲು ಸಾಂದ್ರ. ನೀರಿನಲ್ಲಿ ಮುಳುಗಿದಾಗ ಎರಡರಿಂದಲೂ ಒಂದೊಂದು ಕಳೆಯುತ್ತದೆ, ಉಳಿಯುವುದು 18.3 ಮತ್ತು 1.65. ಅಂತರವು ಹನ್ನೊಂದು ಪಟ್ಟಾಗುತ್ತದೆ! ಕಲ್ಲನ್ನು ಕುಟ್ಟಿ ಪುಡಿಮಾಡಿ ನೀರಿನಲ್ಲಿ ಜಾಲಿಸಿ ಹೊನ್ನನ್ನು ಬೇರ್ಪಡಿಸುವ ಪ್ರಾಚೀನ ಪದ್ಧತಿಯ ಮರ್ಮವಿದು.

ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಸಿಂಧನೂರು ಭತ್ತದ ನಾಡಾಯಿತು. ಅಲ್ಲಿ ಬಿತ್ತನೆಯ ಕಾಳನ್ನು ಆರಿಸಬೇಕಾದರೆ ಉಪ್ಪುನೀರೇ ತಕ್ಕಡಿ. ನೂರು ಗ್ರಾಂ ದ್ರಾವಣದಲ್ಲಿ ಹತ್ತು ಗ್ರಾಂ ಉಪ್ಪಿದ್ದರೆ ಅದರ ಸಾಂದ್ರತೆ ಸುಮಾರು 1.07. ಬರಿಯ ನೀರಿನಲ್ಲಿ ಮುಳುಗಿ ಗಟ್ಟಿಯೆನಿಸುವ ಅರೆಜೊಳ್ಳು ಇದರಲ್ಲಿ ತೇಲುತ್ತದೆ. ತುಂಬಿದ ಕಾಳು ತಳ ಸೇರುತ್ತದೆ. ಮುಳುಗಿದ ಬೀಜವನ್ನು ಒಳ್ಳೆಯ ನೀರಿನಲ್ಲಿ ತೊಳೆದು ಬಳಸತಕ್ಕದ್ದು.

ಅನಿಲಗಳ ಸಾಂದ್ರತೆಯಾದರೋ ಅತ್ಯಲ್ಪ. ಶೂನ್ಯ ಡಿಗ್ರಿ ಉಷ್ಣದಲ್ಲಿ ಒಂದು ಲೀಟರ್ ಗಾಳಿಯ ತೂಕ 1.29 ಗ್ರಾಂ, ಜಲಜನಕದ್ದು 0.09 ಗ್ರಾಂ, ಇಂಗಾಲದ ಡೈಆಕ್ಸೈಡಿನದು 1.98 ಗ್ರಾಂ. ಈ ಅಲ್ಪ ಅಂತರವೂ ಪ್ರಾಣಕ್ಕೆ ಎರವಾಗಬಲ್ಲುದು. ಉತ್ತರ ಕರ್ನಾಟಕದ ಬಯಲುನಾಡಿನಲ್ಲಿ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುವುದು ಹಿಂದಿನಿಂದ ಬಂದ ರೂಢಿ. ಮುಚ್ಚಿದ ಹಗೇವಿನಲ್ಲಿ ಕಾಳೂ ಹುಳುವೂ ಉಸಿರಾಡಿ ಆಮ್ಲಜನಕವನ್ನು ವ್ಯಯಿಸುತ್ತವೆ, ಇಂಗಾಲದ ಡೈಆಕ್ಸೈಡನ್ನು ಬಿಡುತ್ತವೆ. ಇದರಿಂದ ಹುಳು ಸತ್ತು ಧಾನ್ಯ ಉಳಿಯುತ್ತದೆ. ಆದರೆ ಗಾಳಿಗಿಂತ ಒಂದೂವರೆ ಪಟ್ಟು ಸಾಂದ್ರವಾದ ಆ ಅನಿಲವು, ಬಾಯಿ ತೆರೆದ ಮಾತ್ರಕ್ಕೆ ಮೇಲೇಳದೆ ತಳದಲ್ಲಿಯೇ ನಿಂತಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಇಳಿದವನು ಕ್ಷಣದಲ್ಲಿ ಮೂರ್ಛೆಹೋಗುತ್ತಾನೆ. ಅವನನ್ನು ಎತ್ತಲು ಇಳಿದವನಿಗೂ ಅದೇ ಗತಿ.

ಆದುದರಿಂದ ಹಗೇವನ್ನು ಬಹಳ ಹೊತ್ತು ತೆರೆದಿಟ್ಟು, ಒಳಗೆ ಹೊಸ ಗಾಳಿಯನ್ನು ಊದಿಸದೆ ಯಾರೂ ಇಳಿಯಬಾರದು. ಇಳಿಬಿಟ್ಟ ದೀಪ ಆರಿದರೆ ಅಪಾಯ ನಿಶ್ಚಿತ. ಉರಿದರೂ ಅದು ಪೂರ್ಣ ಅಭಯವಲ್ಲ. ಅಡಿಗೆಯ ಅನಿಲವೂ ಗಾಳಿಗಿಂತ ಸಾಂದ್ರವಾದುದರಿಂದ ಸೋರಿದಾಗ ನೆಲವನ್ನೇ ಹಿಡಿದು ಹರಡುತ್ತದೆ. ಮೇಲಿನ ಕಿಟಕಿಯೊಂದನ್ನೇ ತೆರೆದರೆ ಸಾಲದು, ನೆಲಮಟ್ಟದ ಬಾಗಿಲನ್ನೂ ತೆರೆಯಬೇಕು. ಹೊನ್ನನ್ನೂ ಬೀಜವನ್ನೂ ತಳಕ್ಕಿಳಿಸಿ ಮನುಷ್ಯನಿಗೆ ಒದಗಿಸುವ ನಿಯಮವೇ ಹಗೇವಿನ ತಳದಲ್ಲಿ ಮೃತ್ಯುವನ್ನೂ ಕೂಡಿಡುತ್ತದೆ. ಅದನ್ನು ತಿಳಿದು ನಡೆಯುವುದೇ ಜಾಣತನ.