ಮುಸುರೆ ತಿಕ್ಕುವ ಕೈಗಳೂ ಮನೆಯ ಆರೋಗ್ಯವೂ

ಆರೋಗ್ಯದ ಮಾತು ಬಂದೊಡನೆ ನಾವು ಉಣ್ಣುವ ಅನ್ನವನ್ನು, ಕುಡಿಯುವ ನೀರನ್ನು, ನುಂಗುವ ಗುಳಿಗೆಯನ್ನು ನೆನೆಯುತ್ತೇವೆ. ಅನ್ನವನ್ನು ಹೊತ್ತು ತರುವ ತಾಟನ್ನೂ ನೀರನ್ನು ಹಿಡಿದಿಡುವ ಚರಗಿಯನ್ನೂ ನೆನೆಯುವವರು ವಿರಳ. ಹತ್ತು ಬಗೆಯ ಎಚ್ಚರಿಕೆಯಿಂದ ಮಾಡಿದ ಅಡುಗೆಯನ್ನು ಸರಿಯಾಗಿ ತೊಳೆಯದ ಗಂಗಾಳದಲ್ಲಿ ಬಡಿಸಿದರೆ ಆ ಎಚ್ಚರಿಕೆಯೆಲ್ಲ ವ್ಯರ್ಥವಾಗುತ್ತದೆ. ದಿನಕ್ಕೆ ಎರಡು ಮೂರು ಬಾರಿ ಪ್ರತಿ ಮನೆಯಲ್ಲಿಯೂ ನಡೆಯುವ, ಆದರೆ ಯಾರೂ ಗಮನಿಸದ ಈ ಮುಸುರೆ ತಿಕ್ಕುವ ಕಾಯಕವನ್ನು ಕುರಿತು ಈ ತಿಂಗಳು ಸದ್ಭಕ್ತರೊಡನೆ ವಿಚಾರ ಮಾಡಬಯಸುತ್ತೇವೆ.

ಬೂದಿಯಿಂದ ಬಾರ್ ಸೋಪಿನವರೆಗೆ

ವಳಕಮದಿನ್ನಿಯೂ ಸೇರಿದಂತೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಹಳ್ಳಿಗಳಲ್ಲಿ ಹಿಂದೆ ಪಾತ್ರೆ ತಿಕ್ಕಲು ಅಂಗಡಿಗೆ ಹೋಗುವ ಅಗತ್ಯವಿರಲಿಲ್ಲ. ಒಲೆಯ ಬೂದಿ, ಒಂದು ಹಿಡಿ ತೆಂಗಿನ ನಾರು ಅಥವಾ ಒಣಗಿದ ಹೀರೇಕಾಯಿಯ ಜಾಲರಿ, ಹಿತ್ತಾಳೆ ತಾಮ್ರಗಳಿಗೆ ಹುಣಸೆಹಣ್ಣು, ಇಷ್ಟೇ ಸಾಮಗ್ರಿ. ಅಂಟುವಾಳ, ಸೀಗೆಕಾಯಿಗಳು ದೊರೆತರೆ ಜಿಡ್ಡಿಗೆ ಅವೂ ಒದಗುತ್ತಿದ್ದವು.

ಇದರಲ್ಲಿ ಕುರುಡು ರೂಢಿಗಿಂತ ವಿಜ್ಞಾನವೇ ಹೆಚ್ಚಾಗಿದೆ. ಕಟ್ಟಿಗೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಎಂಬ ಕ್ಷಾರವಿದೆ. ಅದು ಎಣ್ಣೆಯ ಜಿಡ್ಡಿನೊಡನೆ ಕೂಡಿ ಒಂದಿಷ್ಟು ಸಾಬೂನಿನಂತೆಯೇ ಕೆಲಸ ಮಾಡುತ್ತದೆ; ಬೂದಿಯ ನವಿರಾದ ಕಣಗಳು ಅಂಟಿದ ಹಿಟ್ಟನ್ನು ಉಜ್ಜಿ ತೆಗೆಯುತ್ತವೆ. ಹುಣಸೆಯ ಹುಳಿಯು ತಾಮ್ರದ ಮೇಲಿನ ಕಪ್ಪು ಕಿಲುಬನ್ನು ಕರಗಿಸುತ್ತದೆ. ಅಂಟುವಾಳದಲ್ಲಿರುವ ಸಪೋನಿನ್ ಎಂಬ ವಸ್ತುವೇ ಅದರ ನೊರೆಗೆ ಕಾರಣ.

2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಅನಿಲದ ಒಲೆ ಬಡವರ ಮನೆಗೂ ಬಂದಿತು. ತಾಯಂದಿರ ಕಣ್ಣು ಮತ್ತು ಶ್ವಾಸಕೋಶಗಳಿಗೆ ಇದು ದೊಡ್ಡ ಉಪಕಾರವೇ ಸರಿ. ಆದರೆ ಒಲೆಯೊಡನೆ ಬೂದಿಯೂ ಹೋಯಿತು; ಅದರ ಜಾಗದಲ್ಲಿ ಬಾರ್ ಸೋಪು, ದ್ರವ ಸಾಬೂನು, ಹಸಿರು ಸ್ಕ್ರಬ್ಬರು, ಸ್ಪಂಜುಗಳು ಬಂದವು. ಸಾಮಗ್ರಿ ಬದಲಾದಾಗ ಅದನ್ನು ಬಳಸುವ ವಿವೇಕವೂ ಬದಲಾಗಬೇಕು.

ಇಂದಿಗೂ ಬೂದಿ ಬಳಸುವವರಿಗೆ ಒಂದು ಎಚ್ಚರಿಕೆ. ಶುದ್ಧ ಕಟ್ಟಿಗೆ, ಕುಳ್ಳುಗಳ ಬೂದಿಯನ್ನಷ್ಟೇ ಜರಡಿ ಹಿಡಿದು ಬಳಸಬೇಕು. ಪ್ಲಾಸ್ಟಿಕ್ ಚೀಲ, ಬಣ್ಣ ಬಳಿದ ಹಲಗೆ, ಕಸಕಡ್ಡಿ ಸುಟ್ಟ ಬೂದಿಯಲ್ಲಿ ವಿಷಕಾರಿ ಲೋಹಗಳು ಇರಬಹುದು. ಅಂಗಳದ ಅಥವಾ ದಾರಿಯ ಬದಿಯ ಮಣ್ಣಿನಿಂದ ಪಾತ್ರೆ ತಿಕ್ಕುವ ರೂಢಿಯನ್ನು ಬಿಡಲೇಬೇಕು. ದನಕರುಗಳೂ ಮಕ್ಕಳೂ ಓಡಾಡುವ ಮಣ್ಣಿನಲ್ಲಿ ಜಂತುಹುಳುವಿನ ಮೊಟ್ಟೆಗಳು ಇರುತ್ತವೆ.

ಕೊನೆಯ ನೀರು

ಪಾತ್ರೆ ತೊಳೆಯುವಾಗ ನಮ್ಮೆಲ್ಲರ ಲಕ್ಷ್ಯವು ಸಾಬೂನಿನ ಮೇಲೆ, ಹೊಳಪಿನ ಮೇಲೆ ಇರುತ್ತದೆ. ಆದರೆ ಆರೋಗ್ಯವನ್ನು ನಿರ್ಧರಿಸುವುದು ಕೊನೆಯಲ್ಲಿ ಜಾಲಾಡಿಸುವ ನೀರು. ಹೊಳೆಯುವ ತಾಟಿನ ಮೇಲೆ ಉಳಿಯುವ ಹನಿ ಆ ಕೊನೆಯ ನೀರಿನದು. ಅನ್ನದೊಡನೆ ಹೊಟ್ಟೆಗೆ ಹೋಗುವುದೂ ಅದೇ. ವಾಂತಿಭೇದಿ, ವಿಷಮಶೀತ ಜ್ವರ, ಕಾಮಾಲೆ ಇವುಗಳ ರೋಗಾಣುಗಳು ಕುಡಿಯುವ ನೀರಿನಿಂದ ಬರುವಂತೆಯೇ ಪಾತ್ರೆ ತೊಳೆದ ನೀರಿನಿಂದಲೂ ಬರಬಲ್ಲವು.

2022ರ ಮೇ ಮತ್ತು ಜೂನ್ ತಿಂಗಳಲ್ಲಿ ನಮ್ಮದೇ ಜಿಲ್ಲೆಯ ರಾಯಚೂರು ನಗರದಲ್ಲಿ ಕಲುಷಿತ ನೀರಿನಿಂದ ಬಹು ಜನರು ಅಸ್ವಸ್ಥರಾಗಿ, ಕೆಲವರು ಪ್ರಾಣವನ್ನೇ ಕಳೆದುಕೊಂಡುದನ್ನು ನಾವು ಮರೆಯಲಾಗದು. ಅಂತಹ ಸಮಯದಲ್ಲಿ ಕುಡಿಯಲು ಮಾತ್ರ ಕಾಯಿಸಿದ ನೀರನ್ನು ಬಳಸಿ, ತಾಟು ಲೋಟಗಳನ್ನು ಅದೇ ನಲ್ಲಿಯ ನೀರಿನಲ್ಲಿ ತೊಳೆದರೆ ರಕ್ಷಣೆ ಅರ್ಧವೇ ಆಯಿತು.

ನಮ್ಮ ಭಾಗದಲ್ಲಿ ಕೆಲವೆಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಕೆಲವೆಡೆ ಕೊಳವೆಬಾವಿಯ ನೀರು. ಕಾಲುವೆಯ ದಂಡೆಯಲ್ಲಿ ಕುಳಿತು ಪಾತ್ರೆ ತಿಕ್ಕುವುದು ಸುಲಭವೆನಿಸಬಹುದು. ಆದರೆ ಅದೇ ನೀರಿನಲ್ಲಿ ದನಗಳ ಮೈ ತೊಳೆಯುತ್ತಾರೆ, ಬಟ್ಟೆ ಒಗೆಯುತ್ತಾರೆ, ಗದ್ದೆಗೆ ಸಿಂಪಡಿಸಿದ ಔಷಧದ ಪಂಪುಗಳನ್ನೂ ತೊಳೆಯುತ್ತಾರೆ. ಅನಿವಾರ್ಯವಾಗಿ ಅಲ್ಲಿ ತಿಕ್ಕಿದರೂ ಮನೆಗೆ ತಂದ ಮೇಲೆ ಕುಡಿಯಲು ಯೋಗ್ಯವಾದ ನೀರಿನಲ್ಲಿ ಒಮ್ಮೆ ಜಾಲಾಡಿಸಿ ಬಳಸಬೇಕು. ಹತ್ತಿ, ಭತ್ತ ಬೆಳೆಯುವ ಮನೆಗಳಲ್ಲಿ ಕೀಟನಾಶಕದ ಖಾಲಿ ಡಬ್ಬಿಯನ್ನು ತೊಳೆದು ನೀರು ಮೊಗೆಯಲು ಇಟ್ಟುಕೊಳ್ಳುವುದನ್ನು ಇಂದೇ ನಿಲ್ಲಿಸಬೇಕು. ಎಷ್ಟು ಬಾರಿ ತೊಳೆದರೂ ಆ ಡಬ್ಬಿಯು ಅಡುಗೆಮನೆಗೆ ಯೋಗ್ಯವಾಗದು.

ಕೊಳವೆಬಾವಿಯ ಸವಳು ನೀರಿನಲ್ಲಿ ಸಾಬೂನು ನೊರೆ ಬಿಡದು, ಪಾತ್ರೆಯ ಮೇಲೆ ಬಿಳಿ ಪೊರೆ ಕೂಡುತ್ತದೆ. ಇದಕ್ಕೆ ಹೆಚ್ಚು ಸೋಪು ಹಚ್ಚುವುದು ಪರಿಹಾರವಲ್ಲ. ವಾರಕ್ಕೊಮ್ಮೆ ನಿಂಬೆಹಣ್ಣಿನ ಹೋಳಿನಿಂದ ಉಜ್ಜಿದರೆ ಪೊರೆ ಬಿಡುತ್ತದೆ. ಆದರೆ ನಿಂಬೆ, ಹುಣಸೆ ಅಥವಾ ಬೇರಾವ ಆಮ್ಲವನ್ನೂ ಬ್ಲೀಚಿಂಗ್ ಪುಡಿಯೊಡನೆ ಎಂದಿಗೂ ಬೆರೆಸಬಾರದು. ಉಸಿರು ಕಟ್ಟಿಸುವ ವಿಷಾನಿಲ ಹೊರಡುತ್ತದೆ.

ಎರಡು ಬೋಗುಣಿಯ ಲೆಕ್ಕ

ಜಲಜೀವನ ಯೋಜನೆಯು ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರೆಂದು ಲೆಕ್ಕ ಹಾಕಿದೆ. ನಿಮಿಷಕ್ಕೆ 6 ಲೀಟರ್ ಸುರಿಯುವ ನಲ್ಲಿಯನ್ನು ಬಿಟ್ಟುಕೊಂಡು 15 ನಿಮಿಷ ಪಾತ್ರೆ ತೊಳೆದರೆ 90 ಲೀಟರ್ ಹರಿದುಹೋಗುತ್ತದೆ. ಯುರೋಪಿನಲ್ಲಿಯೂ ಇದೇ ಸ್ಥಿತಿ. ಜರ್ಮನಿಯ ಬಾನ್ ವಿಶ್ವವಿದ್ಯಾಲಯದವರು ಹಲವು ದೇಶಗಳ ಜನರಿಂದ ಹನ್ನೆರಡು ಮಂದಿಯ ಊಟದ ಪಾತ್ರೆಗಳನ್ನು ಕೈಯಿಂದ ತೊಳೆಸಿ ನೋಡಿದಾಗ ಸರಾಸರಿ 100 ಲೀಟರಿನಷ್ಟು ನೀರು ಖರ್ಚಾಯಿತು. ಒಬ್ಬೊಬ್ಬರ ರೂಢಿಗೆ ತಕ್ಕಂತೆ ಈ ಪ್ರಮಾಣದಲ್ಲಿ ಹಲವು ಪಟ್ಟು ಅಂತರವಿತ್ತು. ನೀರು ಉಳಿಯುವುದೂ ಹರಿಯುವುದೂ ರೂಢಿಯಿಂದಲೇ ಎಂಬುದು ಇದರಿಂದ ತಿಳಿಯುತ್ತದೆ.

ನಮ್ಮ ಹಿರಿಯ ತಾಯಂದಿರ ಎರಡು ಬೋಗುಣಿಯ ಕ್ರಮವೇ ಇಂದಿಗೂ ಶ್ರೇಷ್ಠ. ಮೊದಲು ಎಂಜಲನ್ನು ಒರೆಸಿ ಬೇರೆ ಹಾಕಬೇಕು. ಹಿಟ್ಟು ಕಲಸಿದ ಪರಾತ, ಹಾಲಿನ ಪಾತ್ರೆಗಳನ್ನು ತಣ್ಣೀರಿನಲ್ಲಿ ನೆನೆಹಾಕಬೇಕು. ಬಿಸಿನೀರು ಹಾಕಿದರೆ ಹಿಟ್ಟೂ ಹಾಲೂ ಬೆಂದು ಗಟ್ಟಿಯಾಗಿ ಹಿಡಿಯುತ್ತವೆ. ಜಿಡ್ಡಿನ ಪಾತ್ರೆಗಳಿಗೆ ಮಾತ್ರ ಬಿಸಿನೀರು. ಲೋಟ, ಮಕ್ಕಳ ಬಟ್ಟಲುಗಳಿಂದ ಆರಂಭಿಸಿ, ತಾಟುಗಳನ್ನು ತೊಳೆದು, ಎಣ್ಣೆಯ ಬಾಣಲಿ ಮತ್ತು ಹಂಚನ್ನು ಕೊನೆಗೆ ತಿಕ್ಕಬೇಕು. ಒಂದು ಬೋಗುಣಿಯಲ್ಲಿ ಮೊದಲ ಜಾಲು, ಇನ್ನೊಂದರಲ್ಲಿ ಶುದ್ಧ ನೀರಿನ ಕೊನೆಯ ಜಾಲು. ಎರಡನೆಯ ನೀರು ಮಸುಕಾದೊಡನೆ ಬದಲಿಸಬೇಕು. ತೊಳೆದ ನೀರನ್ನು ಬಾಳೆಯ ಬುಡಕ್ಕೋ ಇಂಗುಗುಂಡಿಗೋ ಬಿಟ್ಟರೆ ಬಚ್ಚಲ ಹಿಂದೆ ಕೊಚ್ಚೆ ನಿಂತು ಸೊಳ್ಳೆ ಹುಟ್ಟುವುದಿಲ್ಲ.

ನೀರಿನ ಉಳಿತಾಯವು ಊಟದ ತಾಟಿನಲ್ಲಿಯೇ ಆರಂಭವಾಗುತ್ತದೆ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರು ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ಮಾಡಿದವರು. ಅಗತ್ಯಕ್ಕಿಂತ ಹೆಚ್ಚು ತಂದ ಅಕ್ಕಿಯನ್ನು ಹಿಂದಿರುಗಿಸುವಂತೆ ಲಕ್ಕಮ್ಮನವರು ಪತಿಗೆ ತಿಳಿಹೇಳಿದರು. ಒಂದು ಅಗುಳನ್ನೂ ಬಿಡದೆ ಉಂಡು, ತಾಟನ್ನು ತೊಳೆದ ನೀರನ್ನೂ ಕುಡಿಯುವ ಪ್ರಸಾದನಿಷ್ಠೆ ನಮ್ಮ ಮನೆಗಳಲ್ಲಿ ಇಂದಿಗೂ ಕಾಣುತ್ತದೆ. ಅಂತಹ ತಾಟನ್ನು ತೊಳೆಯಲು ಒಂದು ಹಿಡಿ ನೀರೇ ಸಾಕು.

ಸ್ಪಂಜು, ಒರೆಸುವ ಬಟ್ಟೆ, ಬಿಸಿಲು

2017ರಲ್ಲಿ ಜರ್ಮನಿಯ ವಿಜ್ಞಾನಿಗಳು ಬಳಸಿದ ಅಡುಗೆಮನೆಯ 14 ಸ್ಪಂಜುಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿ 362 ಬಗೆಯ ಬ್ಯಾಕ್ಟೀರಿಯಾಗಳ ಕುರುಹು ದೊರೆಯಿತು. ಸದಾ ಒದ್ದೆಯಾಗಿರುವುದು, ಅನ್ನದ ಕಣಗಳು ಒಳಗೆ ಸೇರಿಕೊಳ್ಳುವುದು ಇದಕ್ಕೆ ಕಾರಣ. ಬೇಗ ಒಣಗುವ ತೆಂಗಿನ ನಾರು, ಹೀರೇಕಾಯಿಯ ಜಾಲರಿ ಈ ದೃಷ್ಟಿಯಿಂದ ಮೇಲು. ಯಾವುದನ್ನು ಬಳಸಿದರೂ ಹಿಂಡಿ, ಬಿಸಿಲಿಗೆ ಒಣಗಿಸಿ, ವಾಸನೆ ಬರುವ ಮೊದಲೇ ಬದಲಿಸಬೇಕು. ಒದ್ದೆ ಬಟ್ಟೆಯಿಂದ ಹತ್ತು ತಾಟುಗಳನ್ನು ಒರೆಸಿದರೆ ಒಂದರ ಕೊಳೆ ಹತ್ತಕ್ಕೂ ಹರಡುತ್ತದೆ. ರಾಯಚೂರು ಸೀಮೆಯ ಬಿಸಿಲು ನಮ್ಮ ಪಾಲಿನ ವರ. ಪಾತ್ರೆಗಳನ್ನು ಬೋರಲಾಗಿ ಬುಟ್ಟಿಯಲ್ಲಿಟ್ಟು ಧೂಳು ಬೀಳದಂತೆ ಬಿಸಿಲಿನಲ್ಲಿ ಆರಿಸುವುದೇ ಉತ್ತಮ. ರಾತ್ರಿಯ ಮುಸುರೆಯನ್ನು ಬೆಳಗಿನವರೆಗೆ ಬಿಡಬಾರದೆಂಬ ಹಿರಿಯರ ಮಾತಿನಲ್ಲಿಯೂ ಅರ್ಥವಿದೆ: ಜಿರಲೆ, ಇಲಿಗಳಿಗೆ ಅದೇ ಆಹ್ವಾನ.

ಸ್ವೀಡನ್ ದೇಶದಲ್ಲಿ 7ರಿಂದ 8 ವರ್ಷದ ಸುಮಾರು ಸಾವಿರ ಮಕ್ಕಳನ್ನು ಕುರಿತು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು, ಯಂತ್ರಕ್ಕೆ ಬದಲಾಗಿ ಕೈಯಿಂದ ಪಾತ್ರೆ ತೊಳೆಯುವ ಮನೆಗಳ ಮಕ್ಕಳಲ್ಲಿ ಅಲರ್ಜಿ ಕಡಿಮೆಯಿತ್ತೆಂದು ಹೇಳಿದೆ. ಕೈಯಿಂದ ತೊಳೆಯುವುದೇ ಕಾರಣವೆಂದು ಅದರಿಂದ ಸಿದ್ಧವಾಗಿಲ್ಲ. ಕೊಳೆಯನ್ನು ಉಳಿಸಲು ಅದನ್ನು ನೆಪ ಮಾಡಬಾರದು. ಯಂತ್ರವಿಲ್ಲವೆಂದು ಕೊರಗಲೂ ಬೇಕಿಲ್ಲ.

ತೊಳೆಯುವ ಕೈಗಳ ಯೋಗಕ್ಷೇಮ

ಇಷ್ಟೆಲ್ಲ ಹೇಳಿ, ಆ ಕೈಗಳನ್ನು ಮರೆತರೆ ಈ ಲೇಖನ ಅಪೂರ್ಣ. ದಿನವೆಲ್ಲ ನೀರು, ಸಾಬೂನುಗಳಲ್ಲಿರುವ ಕೈಗಳ ಚರ್ಮದ ಸಹಜ ಜಿಡ್ಡು ತೊಳೆದುಹೋಗಿ, ಒಣಗಿ, ಬಿರಿದು, ತುರಿಕೆ ಉಂಟಾಗುತ್ತದೆ. ಉಗುರಿನ ಬುಡದಲ್ಲಿ ತೇವ ನಿಂತು ಬೂಷ್ಟು ಸೇರಿ ಉಗುರುಸುತ್ತು ಮರುಕಳಿಸುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು. ಸೋಪನ್ನು ನೇರವಾಗಿ ಕೈಗೆ ಹಚ್ಚದೆ ನೀರಿನಲ್ಲಿ ಕದಡಿ ಬಳಸುವುದು, ಕೆಲಸ ಮುಗಿದೊಡನೆ ಬೆರಳ ಸಂದಿಗಳನ್ನು ಒಣಬಟ್ಟೆಯಿಂದ ಒರೆಸುವುದು, ನಾಲ್ಕು ಹನಿ ಕೊಬ್ಬರಿ ಎಣ್ಣೆ ಸವರುವುದು, ಇವು ಖರ್ಚಿಲ್ಲದ ಉಪಾಯಗಳು. ಬಿರುಕು ಮಾಯದಿದ್ದರೆ, ಕೀವು ಕಂಡರೆ ವೈದ್ಯರಿಗೆ ತೋರಿಸಬೇಕು. ಕುಕ್ಕರುಗಾಲಿನಲ್ಲಿ ಬಹುಕಾಲ ಕುಳಿತು ತಿಕ್ಕುವುದರಿಂದ ಮೊಣಕಾಲು, ಸೊಂಟ ನೋಯುತ್ತವೆ. ಗೇಣೆತ್ತರದ ಮಣೆ ಹಾಕಿಕೊಡುವುದು ಮನೆಯವರ ಕರ್ತವ್ಯ.

ಮಣೆ ಹಾಕಿಕೊಡುವುದಕ್ಕಿಂತಲೂ ದೊಡ್ಡ ಕರ್ತವ್ಯವೊಂದಿದೆ. ಉಂಡವನು ತನ್ನ ತಾಟನ್ನು ತಾನೇ ತೊಳೆಯುವುದು. ಕಾಯಕದಲ್ಲಿ ಮೇಲು ಕೀಳುಗಳಿಲ್ಲವೆಂದು ಸಭೆಯಲ್ಲಿ ಒಪ್ಪುವ ನಾವು, ಮನೆಯಲ್ಲಿ ಐದು ಜನರ ಮುಸುರೆಯನ್ನು ಒಬ್ಬ ತಾಯಿಗೋ ಸೊಸೆಗೋ ಬಿಟ್ಟು ಏಳುವುದು ತರವಲ್ಲ. ಗಂಡುಮಕ್ಕಳು ಹೆಣ್ಣುಮಕ್ಕಳೆನ್ನದೆ ಏಳೆಂಟು ವರ್ಷದಿಂದಲೇ ಮಕ್ಕಳಿಗೆ ತಮ್ಮ ತಾಟನ್ನು ತೊಳೆಯಲು ಕಲಿಸಬೇಕು. ಐವರು ತಮ್ಮ ತಮ್ಮ ತಾಟನ್ನು ತೊಳೆದುಕೊಂಡರೆ ಆ ತಾಯಿಗೆ ಉಳಿಯುವುದು ಅಡುಗೆಯ ಪಾತ್ರೆಗಳಷ್ಟೇ. ಸದ್ಭಕ್ತರೆಲ್ಲರೂ ಇಂದಿನ ರಾತ್ರಿಯ ಪ್ರಸಾದದಿಂದಲೇ ಇದನ್ನು ಆರಂಭಿಸಬೇಕೆಂಬುದು ನಮ್ಮ ಆಶಯ.