ಪಹಣಿಯ ಹಿಂದಿನ ಕಂಪ್ಯೂಟರ್ ಕಚೇರಿ

ಜಮೀನಿನ ದಾಖಲೆಯಾದ ಪಹಣಿ ಬೇಕು ಅಂದ್ರೆ ಹಿಂದೆ ಗ್ರಾಮ ಲೆಕ್ಕಿಗರನ್ನ ಹುಡುಕಿಕೊಂಡು ಅಲೀಬೇಕಿತ್ತು. ಪುಸ್ತಕ ಇರ್ತಿದ್ದಿದ್ದು ಅವರ ಕೈಯಲ್ಲೇ. ಯಾರ ಹೆಸರು ತಿದ್ದಿದ್ರೂ ರೈತನಿಗೆ ಗೊತ್ತಾಗ್ತಿರಲಿಲ್ಲ.

ಅದನ್ನ ಬದಲಿಸಿದ್ದು ಕಂದಾಯ ಇಲಾಖೆಯ ‘ಭೂಮಿ’ ಯೋಜನೆ. ತಂತ್ರಾಂಶ ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿಯದ್ದು. 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಬಂತು. ತಾಲ್ಲೂಕು ಕಚೇರಿಯಲ್ಲಿ ಆಗ 15 ರೂಪಾಯಿ ಕೊಟ್ಟರೆ ಪ್ರತಿ ಕೈಗೆ.

ನನಗೆ ಇದಕ್ಕಿಂತ ದೊಡ್ಡದು ಅನ್ಸೋದು ಒಳಗಿನ ಕಟ್ಟುಪಾಡು. ಖಾತೆ ಬದಲಾವಣೆಗೆ ಅರ್ಜಿ ಹಾಕಿದ್ರೆ ಮೊದಲು ಬಂದವರಿಗೆ ಮೊದಲ ಸರದಿ. ಊರ ಗೌಡರ ಅರ್ಜಿಯಾದ್ರೂ ಸರಿ, ಕೂಲಿಯವರದ್ದಾದ್ರೂ ಸರಿ. ದಾಖಲೆ ಬದಲಿಸೋ ಅಧಿಕಾರಿ ಬೆರಳಚ್ಚು ಒತ್ತಲೇಬೇಕು. ಪಾಸ್‌ವರ್ಡ್ ಆಗಿದ್ರೆ ‘ಬೇರೆ ಯಾರೋ ಬಳಸಿದ್ರು’ ಅನ್ನಬಹುದು. ಬೆರಳಿಗೆ ಆ ನೆಪ ಇಲ್ಲ. ಇಲಾಖೆಯ ಐಟಿ ವಿಭಾಗ ಇರೋದೇ ಇಂಥ ಕಾವಲಿಗೆ.

ಕೈಬರಹದ ಪಹಣಿಯ ಮಾನ್ಯತೆಯನ್ನೂ ಸರ್ಕಾರ ರದ್ದು ಮಾಡ್ತು. ಇಲ್ಲದಿದ್ರೆ ಒಂದೇ ಜಮೀನಿಗೆ ಎರಡೆರಡು ದಾಖಲೆ ಓಡಾಡ್ತಿತ್ತು.

ಹಾಗಂತ ಕಂಪ್ಯೂಟರಲ್ಲಿರೋದೆಲ್ಲ ಸರಿ ಅಂತಲ್ಲ. ಹಳೇ ಪುಸ್ತಕದ ತಪ್ಪು ಹಾಗೇ ಟೈಪ್ ಆಗಿರಬಹುದು. ನಿಮ್ಮ ಪಹಣಿಯ 9ನೇ ಕಾಲಂನಲ್ಲಿ ಹೆಸರು, ವಿಸ್ತೀರ್ಣ ನೋಡ್ಕೊಳ್ಳಿ. ತಪ್ಪಿದ್ರೆ ತಾಲ್ಲೂಕು ಕಚೇರಿಗೆ ತಿದ್ದುಪಡಿ ಅರ್ಜಿ ಕೊಡಿ, ಸ್ವೀಕೃತಿ ಪಡೀರಿ.