ಚಿತ್ರದ ಹಿಂದಿನ ದುಡಿಮೆ

ಚೌಕಟ್ಟಿನಲ್ಲಿ ಕುಳಿತ ಚಿತ್ರವು ಕಲಾವಿದನ ಪ್ರತಿಭೆಯನ್ನು ತೋರಿಸುತ್ತದೆ. ಅದರ ಹಿಂದಿನ ದುಡಿಮೆಯನ್ನು ಮರೆಸುತ್ತದೆ. ಆ ದುಡಿಮೆಯನ್ನು ಅರಿಯಬೇಕಾದರೆ ಅವನ ಕರಡು ಪುಸ್ತಕವನ್ನೂ ದಿನಚರಿಯನ್ನೂ ತೆರೆಯಬೇಕು. ಕನ್ನಡನಾಡಿನ ಹಿರಿಯ ಕಲಾವಿದ ಕೆ. ವೆಂಕಟಪ್ಪನವರ (1886–1965) ಬದುಕು ಇದಕ್ಕೆ ಉತ್ತಮ ನಿದರ್ಶನ.

ಮೈಸೂರಿನ ಚಿತ್ರಗಾರ ಮನೆತನದಲ್ಲಿ ಜನಿಸಿದ ಅವರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ 1909ರಲ್ಲಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ತೆರಳಿದರು. ಅಲ್ಲಿ ಅವನೀಂದ್ರನಾಥ ಠಾಕೂರರು ಗುರುಗಳು. ನಂದಲಾಲ ಬೋಸರು ಸಹಪಾಠಿಗಳು. ಮುಂದೆ ಉದಕಮಂಡಲದಲ್ಲಿಯೂ ಕೊಡೈಕೆನಾಲಿನಲ್ಲಿಯೂ ಅವರು ಜಲವರ್ಣದ ನಿಸರ್ಗಚಿತ್ರಗಳನ್ನು ರಚಿಸಿದರು. ಕೊಡೈಕೆನಾಲ್ ನಮಗೆ ದೂರದ ಊರಲ್ಲ. ಪೆರಿಯಕುಳಂ, ತೇನಿ ಕಡೆಯ ಕನ್ನಡ ಮನೆಗಳವರು ಹೊಲದಲ್ಲಿ ನಿಂತು ತಲೆಯೆತ್ತಿ ನೋಡುವ ಪಳನಿ ಬೆಟ್ಟಗಳ ನೆತ್ತಿಯ ಮೇಲೆಯೇ, ಇಂದಿನ ದಿಂಡಿಗಲ್ ಜಿಲ್ಲೆಯಲ್ಲಿ, ಅದು ಇದೆ.

ಬೆಟ್ಟದ ಮೇಲೆ ಜಲವರ್ಣವನ್ನು ಬಳಸುವುದು ಸುಲಭವಲ್ಲ. ಈ ಬಣ್ಣ ಪಾರದರ್ಶಕ. ತಪ್ಪಿದ ಗೆರೆಯನ್ನು ಮತ್ತೊಂದು ಬಣ್ಣದಿಂದ ಮುಚ್ಚಲಾಗದು. ಮೋಡದ ಬಿಳುಪಿಗಾಗಿ ಕಾಗದದ ಬಿಳುಪನ್ನೇ ಉಳಿಸಿಕೊಳ್ಳಬೇಕು. ಮಂಜಿನ ಗಾಳಿಯಲ್ಲಿ ಒದ್ದೆಯ ಲೇಪ ಬೇಗ ಒಣಗದು. ಒಣಗುವ ಮೊದಲೇ ಮೇಲೆ ಕುಂಚವಿಟ್ಟರೆ ಬಣ್ಣಗಳು ಕದಡಿಹೋಗುತ್ತವೆ. ಅಷ್ಟರಲ್ಲಿ ಮೋಡ ಸರಿದು ಬೆಳಕೇ ಬದಲಾಗಿರುತ್ತದೆ. ಆದುದರಿಂದಲೇ ಕಲಾವಿದರು ಪೆನ್ಸಿಲಿನಿಂದ ಆಕಾರಗಳನ್ನು ಬೇಗನೆ ಗುರುತಿಸಿ, ಪಕ್ಕದಲ್ಲಿ ಬಣ್ಣದ ಹೆಸರನ್ನೂ ಹೊತ್ತನ್ನೂ ಬರೆದಿಡುವುದುಂಟು. ಕರಡು ಪುಸ್ತಕದ ಮಸುಕಾದ ಪುಟಗಳಿಗೆ ಬೆಲೆ ಬರುವುದು ಇಲ್ಲಿ: ಯಾವ ಕಾಗದ, ಯಾವ ಬಣ್ಣ, ಎಷ್ಟು ಕಾಯುವಿಕೆ ಎಂಬುದಕ್ಕೆ ಅವು ಸಾಕ್ಷಿ.

ವೆಂಕಟಪ್ಪನವರು ಅನೇಕ ವರ್ಷ ಇಂಗ್ಲಿಷಿನಲ್ಲಿ ದಿನಚರಿಯನ್ನೂ ಬರೆದರು. ಕಲೆಯೂ ಕಾಲವನ್ನು ಬೇಡುವ ಕಾಯಕವೆಂಬುದನ್ನು ಅವರು ಬಲ್ಲರು. ಅರಮನೆಗಾಗಿ ಮಾಡಿದ ಗಾರೆಯ ಉಬ್ಬುಚಿತ್ರಗಳ ಸಂಭಾವನೆಯ ವಿಷಯದಲ್ಲಿ ಅವರು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. ಆಶ್ರಯ ಕೊಟ್ಟ ಅರಮನೆಯೊಡನೆಯೇ ವ್ಯಾಜ್ಯ ಹೂಡುವುದು ಆ ಕಾಲದಲ್ಲಿ ಸಾಮಾನ್ಯವಾದ ಮಾತಲ್ಲ. ರಾಜಾಶ್ರಯವು ಕೃಪೆಯಾದರೂ ದುಡಿಮೆಗೆ ಕೂಲಿ ಹಕ್ಕು ಎಂಬ ನಿಲುವು ಅದರಲ್ಲಿತ್ತು.

ಇಂದು ಅವರ ಕೃತಿಗಳು ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 1975ರಲ್ಲಿ ಸ್ಥಾಪಿತವಾದ ವೆಂಕಟಪ್ಪ ಚಿತ್ರಶಾಲೆಯ ಸಂಗ್ರಹದಲ್ಲಿವೆ. ನಮ್ಮ ವಿದ್ಯಾರ್ಥಿಗಳು ಚಿತ್ರಕಲೆಯ ತಮ್ಮ ಹಳೆಯ ಪುಸ್ತಕಗಳನ್ನು ವರ್ಷಾಂತ್ಯದಲ್ಲಿ ರದ್ದಿಗೆ ಹಾಕದಿರಲಿ. ಅಳಿಸಿ ತಿದ್ದಿದ ಗೆರೆಯ ಪಕ್ಕದಲ್ಲಿ ದಿನಾಂಕವನ್ನು ಬರೆಯಲಿ. ಕೈ ಪಳಗಿದ ಬಗೆಯನ್ನು ಹೇಳಬಲ್ಲ ದಾಖಲೆ ಬೇರೊಂದಿಲ್ಲ.